ಎರಡು ನಿಮಿಷ, ಮೂರು ಕೂಗು

ಸಿನಿಮಾಕ್ಕೆ ತಡವಾಗಿ ಹೋಗುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸ. ‘ಇನ್ನೂ ಹೆಸರು ತೋರಿಸ್ತಿರ್ತಾರೆ, ಬಿಡು’ ಎನ್ನುತ್ತ ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು, ಕತ್ತಲಲ್ಲಿ ಕೂತವರ ಕಾಲು ತುಳಿಯುತ್ತ ಸೀಟು ಹುಡುಕುವವರು ಪ್ರತಿ ಆಟದಲ್ಲೂ ಸಿಗುತ್ತಾರೆ. ಕೌಟುಂಬಿಕ ಚಿತ್ರವಾದರೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಥ್ರಿಲ್ಲರ್ ಚಿತ್ರಕ್ಕೆ ಮಾತ್ರ ಈ ಧೋರಣೆ ಒಗ್ಗದು. 1960ರಲ್ಲಿ ‘ಸೈಕೋ’ ತೆರೆಕಂಡಾಗ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಆಲ್‌ಫ್ರೆಡ್ ಹಿಚ್‌ಕಾಕ್ ಅಮೆರಿಕದ ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿದ್ದರು. ನಾಯಕಿ ಅರ್ಧ ದಾರಿಯಲ್ಲೇ ಸಾಯುವ ಚಿತ್ರ ಅದು. ತಡವಾಗಿ ಬಂದವರು ಆಕೆಗಾಗಿ ಕಾಯುತ್ತಲೇ ಕೂರಬೇಕಾಗುತ್ತಿತ್ತು!

ಪದವಿ ತರಗತಿಯಲ್ಲಿ ಸಮೂಹ ಸಂವಹನ ಓದುತ್ತಿರುವ ನಮಗೆ ಈ ಸಲ ಒಪ್ಪಿಸಿದ ಕೆಲಸವೂ ಇಂಥದೇ ಆಗಿತ್ತು. ಇಲ್ಲದ ಒಂದು ಥ್ರಿಲ್ಲರ್ ಚಿತ್ರಕ್ಕೆ ಎರಡೇ ನಿಮಿಷದ ಆರಂಭ ದೃಶ್ಯವನ್ನು ಹೆಸರುಪಟ್ಟಿ ಸಮೇತ ತಯಾರಿಸಿ ಒಪ್ಪಿಸಬೇಕು. ಕೊನೆ, ನಡು ಯಾವುದೂ ಬೇಡ. ನೋಡಿದವರು ‘ಮುಂದೇನು?’ ಎಂದು ಕೇಳಿದರೆ ಪಾಸು. ಬ್ರಿಟನ್ನಿನಲ್ಲಿ ಎ-ಲೆವೆಲ್ ಓದುವ ಹದಿನಾರು-ಹದಿನೇಳು ವರ್ಷದ ಮಕ್ಕಳಿಗೆ ಮೀಡಿಯಾ ಸ್ಟಡೀಸ್ ವಿಷಯದಲ್ಲಿ ಬಹಳ ಕಾಲ ಇದೇ ಕೆಲಸ ಕೊಡುತ್ತಿದ್ದರಂತೆ. ಚಿತ್ರ ಮುಗಿಸಿದ ಮೇಲೆ ಏಳು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ಅಲ್ಲಿ ಈಗ ಪಠ್ಯಕ್ರಮ ಬದಲಾಗಿದೆ. ನಮ್ಮ ಮೇಷ್ಟ್ರು ಆ ಹಳೆಯ ಅಭ್ಯಾಸವನ್ನೇ ಎತ್ತಿಕೊಂಡಿದ್ದರು.

ತಂಡದಲ್ಲಿ ನಾವು ನಾಲ್ವರು. ಇಬ್ಬರು ಹುಡುಗರು, ನಾನು ಮತ್ತು ನನ್ನ ಹಾಸ್ಟೆಲ್ ಗೆಳತಿ. ನಿರ್ದೇಶನ ನನ್ನ ಪಾಲಿಗೆ ಬಂತು. ಕ್ಯಾಮೆರಾ ಎಂದರೆ ಒಬ್ಬನ ಮೊಬೈಲ್ ಫೋನು.

ಬಾಗಿಲು ತೆಗೆಯುವ ಪಾಠ

ನೇರವಾಗಿ ಕೊಲೆಗೆ ಇಳಿಯುವಂತಿರಲಿಲ್ಲ. ಮೊದಲು ಒಂದು ಸಣ್ಣ ಅಭ್ಯಾಸ: ಒಬ್ಬ ವ್ಯಕ್ತಿ ಬಾಗಿಲು ತೆಗೆದು ಒಳಗೆ ಬರಬೇಕು, ಕೋಣೆ ದಾಟಿ ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂತು ಎರಡು ಮಾತಾಡಬೇಕು. ಇಷ್ಟೆ. ‘ಇದರಲ್ಲೇನಿದೆ?’ ಎನಿಸುವುದು ಸಹಜ. ಆದರೆ ಸಿನಿಮಾದ ಅರ್ಧ ವ್ಯಾಕರಣ ಈ ಬಾಗಿಲಲ್ಲೇ ಅಡಗಿದೆ.

ಹೊರಗಿನಿಂದ ತೆಗೆದ ಶಾಟ್‌ನಲ್ಲಿ ಕೈ ಹಿಡಿಕೆಯನ್ನು ತಿರುಗಿಸುತ್ತದೆ. ಒಳಗಿನ ಶಾಟ್‌ನಲ್ಲಿ ಬಾಗಿಲು ಸರಿಯಾಗಿ ಅಷ್ಟರಿಂದಲೇ ತೆರೆದುಕೊಳ್ಳಬೇಕು. ಒಂದು ಕ್ಷಣ ಹೆಚ್ಚಾದರೂ ಕಣ್ಣಿಗೆ ಚುಚ್ಚುತ್ತದೆ. ಎದುರುಬದುರು ಕೂತವರ ನಡುವೆ ಒಂದು ಗೆರೆ ಇದೆಯೆಂದು ಭಾವಿಸಿ, ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ಇದನ್ನು 180 ಡಿಗ್ರಿ ನಿಯಮ ಎನ್ನುತ್ತಾರೆ. ಮೇಷ್ಟ್ರು ಕೊಟ್ಟ ಉದಾಹರಣೆ ಇನ್ನೂ ಸುಲಭ. ರಸ್ತೆಯ ಈ ಬದಿ ನಿಂತು ತೆಗೆದರೆ ಮೈಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಎಡದಿಂದ ಬಲಕ್ಕೆ ಓಡುತ್ತದೆ. ರಸ್ತೆ ದಾಟಿ ಆ ಬದಿಯಿಂದ ತೆಗೆದರೆ ಅದೇ ಬಸ್ಸು ಬಲದಿಂದ ಎಡಕ್ಕೆ ಓಡಿ, ಯಾವುದನ್ನೋ ಮರೆತು ಮೈಸೂರಿಗೆ ವಾಪಸಾದಂತೆ ಕಾಣುತ್ತದೆ.

ಎಲ್ಲ ಕಥೆಯಲ್ಲೂ ಓಡುವ ಹುಡುಗಿ

ಅಭ್ಯಾಸ ಮುಗಿಯಿತು. ಕಥೆಗಳನ್ನು ಓದುವ ದಿನ ಬಂತು. ತರಗತಿಯಲ್ಲಿ ಒಂಬತ್ತು ತಂಡ. ಒಂಬತ್ತರಲ್ಲಿ ಏಳು ಕಥೆಗಳು ಹೆಚ್ಚುಕಡಿಮೆ ಒಂದೇ ರೀತಿ ಶುರುವಾಗುತ್ತಿದ್ದವು. ರಾತ್ರಿ, ನಿರ್ಜನ ರಸ್ತೆ, ಒಬ್ಬಂಟಿ ಹುಡುಗಿ, ಹಿಂದೆ ಬೂಟಿನ ಸಪ್ಪಳ. ಆಕೆ ತಿರುಗಿ ನೋಡುತ್ತಾಳೆ, ಓಡುತ್ತಾಳೆ, ಕಿರುಚುತ್ತಾಳೆ. ತೆರೆಯ ಮೇಲೆ ರಕ್ತ ಸೋರುವ ಅಕ್ಷರಗಳಲ್ಲಿ ಚಿತ್ರದ ಹೆಸರು. ನಮ್ಮ ತಂಡದ ಹುಡುಗರು ಬರೆದು ತಂದ ಕಥೆಯೂ ಹೀಗೇ ಇತ್ತು.

ಓಡುವ ಪಾತ್ರ ನನ್ನ ಗೆಳತಿಯದು. ಆಕೆ ಓದಿ ಮುಗಿಸಿ ಹಾಳೆ ಕೆಳಗಿಟ್ಟಳು. ‘ಇದನ್ನ ನಾನು ಆ್ಯಕ್ಟ್ ಮಾಡೋದೇನ್ ಬಂತು? ಬಸ್‌ಸ್ಟ್ಯಾಂಡಿಂದ ಹಾಸ್ಟೆಲ್ಲಿಗೆ ದಿನಾ ಹೀಗೇ ಬರ್ತೀನಲ್ಲ. ನಿಮಗೆ ಅದು ಥ್ರಿಲ್ಲು’ ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೊಂದು ತೊಡಕೂ ಇತ್ತು. ನಮ್ಮ ಹಾಸ್ಟೆಲ್ ಗೇಟು ಸಂಜೆ ಏಳಕ್ಕೆ ಮುಚ್ಚುತ್ತದೆ. ಹುಡುಗರ ಹಾಸ್ಟೆಲ್ಲಿಗೆ ಅಂಥ ಕಟ್ಟಳೆಯಿಲ್ಲ. ರಾತ್ರಿಯ ಚಿತ್ರೀಕರಣವಾದರೆ ನಾವಿಬ್ಬರೂ ಹೊರಗುಳಿಯಬೇಕು. ‘ನೀವು ಪ್ಲ್ಯಾನ್ ಕೊಡಿ, ನಾವು ತಗೊಂಡು ಬರ್ತೀವಿ’ ಎಂದು ಹುಡುಗರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ನಿರ್ದೇಶನ ಎಂಬ ಪದದ ಕೆಳಗೆ ನನ್ನ ಹೆಸರು ಹಾಕಿ, ನಾನಿಲ್ಲದ ಜಾಗದಲ್ಲಿ ಚಿತ್ರ ತೆಗೆದರೆ ಆ ಹೆಸರಿಗೆ ಅರ್ಥವೇನು? ಹಗಲಲ್ಲೇ ತೆಗೆದು ರಾತ್ರಿಯಂತೆ ಕಾಣಿಸುವ ಹಳೆಯ ಉಪಾಯವನ್ನೂ ಪರೀಕ್ಷಿಸಿದೆವು. ಮೊಬೈಲಿನಲ್ಲಿ ಆಕಾಶ ಬೂದಿ ಬಳಿದಂತಾಯಿತೇ ವಿನಾ ರಾತ್ರಿಯಾಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಆ ‘ಸೈಕೋ’ ಚಿತ್ರವೇ. ಭಯಕ್ಕೆ ಹೆಸರಾದ ಆ ಚಿತ್ರದ ಕಥೆ ಶುರುವಾಗುವುದು ಕತ್ತಲಲ್ಲಲ್ಲ. ಫೀನಿಕ್ಸ್ ನಗರದ ಕಟ್ಟಡಗಳ ಮೇಲೆ ಬಿಸಿಲು. ತೆರೆಯ ಮೇಲೆ ಊರು, ದಿನಾಂಕ, ಕೊನೆಗೆ ವೇಳೆ: ಮಧ್ಯಾಹ್ನ ಎರಡು ಗಂಟೆ ನಲವತ್ತಮೂರು ನಿಮಿಷ. ಅಷ್ಟು ನಿಖರವಾಗಿ ವೇಳೆ ಹೇಳಿದ ಕೂಡಲೇ ಏನೋ ಆಗಲಿದೆ ಎಂದು ಮನಸ್ಸು ಎಚ್ಚರಗೊಳ್ಳುತ್ತದೆ. ನಮ್ಮಲ್ಲೂ ಸುನೀಲ್ ಕುಮಾರ್ ದೇಸಾಯಿ ಹಾಡುಗಳಿಲ್ಲದ ‘ತರ್ಕ’ವನ್ನು 1989ರಲ್ಲಿ ಕೊಟ್ಟರು, 1993ರ ‘ನಿಷ್ಕರ್ಷ’ದಲ್ಲಿ ಒಂದು ಬ್ಯಾಂಕಿನ ಕಟ್ಟಡವನ್ನೇ ಉಸಿರುಗಟ್ಟುವ ಜಾಗ ಮಾಡಿದರು. 2016ರಲ್ಲಿ ಪವನ್ ಕುಮಾರ್ ಅವರ ‘ಯು ಟರ್ನ್’ಗೆ ಬೆಂಗಳೂರಿನ ಮೇಲ್ಸೇತುವೆಯಲ್ಲಿ ಸವಾರರು ಸರಿಸುವ ಕಲ್ಲುಗಳೇ ಸಾಕಾದವು. ದಿನಾ ನೋಡುವ ವಸ್ತುವಿನಲ್ಲೇ ಭಯ ಇರಬಹುದಾದರೆ ನಮಗೇಕೆ ನಿರ್ಜನ ರಸ್ತೆ?

ಮೇಜಿನ ಕೆಳಗಿನ ಬಾಂಬು

ಹಿಚ್‌ಕಾಕ್ ಮತ್ತು ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೊ ಅವರ ಸಂಭಾಷಣೆ 1966ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಬರುವ ಒಂದು ಉದಾಹರಣೆ ಸಿನಿಮಾ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಇಬ್ಬರು ಮೇಜಿನ ಬಳಿ ಕೂತು ಹರಟುತ್ತಿದ್ದಾರೆ. ಕೆಳಗೆ ಬಾಂಬಿದೆ. ಅದು ನೋಡುಗನಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿಬಿಟ್ಟರೆ, ಅದೇ ಹರಟೆಯನ್ನು ಆತ ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾನೆ. ಮೊದಲನೆಯದು ಆಶ್ಚರ್ಯ, ಎರಡನೆಯದು ಕುತೂಹಲದ ಯಾತನೆ.

ನಮಗೆ ಬಾಂಬು ಬೇಕಿರಲಿಲ್ಲ. ಪ್ರತಿ ಮನೆಯ ಒಲೆಯ ಮೇಲೂ ಒಂದು ಇದ್ದೇ ಇದೆ: ಕುಕ್ಕರ್! ಮೂರು ಸಲ ಕೂಗಿದ ಮೇಲೆ ಒಲೆ ಆರಿಸಬೇಕೆಂಬುದು ಮಕ್ಕಳಿಗೂ ಗೊತ್ತು. ಹೊರಡುವಾಗ ‘ಮೂರು ಕೂಗಿದ್ಮೇಲೆ ಆರ್ಸೇ’ ಎಂದು ಹೇಳದ ಅಮ್ಮ ಯಾರಿದ್ದಾರೆ?

ಕಥೆ ಹೀಗಾಯಿತು. ಹಳೆಯ ಮನೆಯೊಂದರ ಮುಂಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ, ಉರಿಯುತ್ತಿರುವ ಒಲೆ. ಕುಕ್ಕರಿನ ಮೇಲೆ ವೆಯಿಟ್ ಮೆಲ್ಲಗೆ ಅಲುಗುತ್ತಿದೆ. ಸೊಪ್ಪಿನ ಚೀಲ ಹಿಡಿದ ವಯಸ್ಸಾದ ಯಜಮಾನರು ಬಿಸಿಲಲ್ಲಿ ನಡೆದು ಬಂದು ಬೀಗ ತೆಗೆಯುತ್ತಾರೆ. ಚಪ್ಪಲಿ ಬಿಟ್ಟು ಛತ್ರಿ ನೇತುಹಾಕುತ್ತಾರೆ. ಗೋಡೆಯ ಮೇಲೆ ಹಾರ ಹಾಕಿದ ಹೆಂಡತಿಯ ಫೋಟೊ. ಮೇಜಿನ ಮೇಲೆ ಒಂದೇ ಲೋಟ. ಒಳಗಿನಿಂದ ಮೊದಲ ಕೂಗು. ಅವರು ನಿಲ್ಲುತ್ತಾರೆ. ಎರಡನೆಯ ಕೂಗಿಗೆ ಎರಡು ಹೆಜ್ಜೆ. ಮೂರನೆಯದಕ್ಕೆ ಅವರಿನ್ನೂ ಹಜಾರದಲ್ಲೇ ಇದ್ದಾರೆ. ಆಗ ಅಡುಗೆಮನೆಯಲ್ಲಿ ‘ಟಿಕ್’ ಎಂದು ಒಲೆ ಆರಿಸಿದ ಸದ್ದು. ಕತ್ತಲು. ಚಿತ್ರದ ಹೆಸರು: ‘ಮೂರನೇ ಕೂಗು’.

ಹೆದರಿದವರೋ, ಹೆದರದವರೋ?

ಯಜಮಾನರ ಪಾತ್ರಕ್ಕೆ ಸಿಕ್ಕವರು ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದ ಒಬ್ಬ ನಿವೃತ್ತ ಶಿಕ್ಷಕರು. ಮನೆಯೂ ಅವರದೇ. ‘ಏನಮ್ಮಾ, ನಾನು ಹೆದರ್ಕೊಂಡೋನ ಹಾಗೆ ಮಾಡ್ಬೇಕೋ, ಹೆದರಿಲ್ಲ ಅಂತ ತೋರಿಸ್ಕೊಳ್ಳೋನ ಹಾಗೆ ಮಾಡ್ಬೇಕೋ?’ ಎಂದು ಕೇಳಿದರು. ಎರಡನೆಯದು ಎಂದೆ. ‘ಹಂಗಾದ್ರೆ ಚೀಲ ಕೆಳಗಿಡೋಲ್ಲ, ಎದೆಗೆ ಹಿಡ್ಕೋತೀನಿ’ ಎಂದರು. ಅವರ ಕೈಯಲ್ಲಿ ಮುದುಡಿದ ಆ ದಂಟಿನ ಸೊಪ್ಪು ಯಾವ ಕಿರುಚಾಟಕ್ಕಿಂತ ಹೆಚ್ಚು ಹೇಳಿತು.

ಎರಡು ನಿಮಿಷಕ್ಕೆ ಒಟ್ಟು 31 ಶಾಟ್, ಮೂರು ಮಧ್ಯಾಹ್ನದ ಕೆಲಸ. ಕಿಟಕಿಯ ಬೆಳಕನ್ನು ಒಂದು ಥರ್ಮೋಕೋಲ್ ಹಾಳೆಯಿಂದ ಮುಖಕ್ಕೆ ತಿರುಗಿಸಿಕೊಂಡೆವು. ನಾಲ್ಕು ಗಂಟೆಗೆ ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿಯುತ್ತಿತ್ತು, ನಮ್ಮ ಕೆಲಸವೂ ನಿಲ್ಲುತ್ತಿತ್ತು. ಚೀಲ ಯಾವ ಕೈಯಲ್ಲಿತ್ತು, ಛತ್ರಿ ಎಷ್ಟು ಮಡಿಸಿತ್ತು ಎಂದು ಬರೆದಿಡುವುದು ಗೆಳತಿಯ ಪಾಲಿನ ಕೆಲಸ. ಕುಕ್ಕರ್ ಮಾತ್ರ ಯಾರ ನಿರ್ದೇಶನಕ್ಕೂ ಬಗ್ಗಲಿಲ್ಲ. ‘ಆ್ಯಕ್ಷನ್’ ಎಂದಾಗ ಸುಮ್ಮನಿದ್ದು, ‘ಕಟ್’ ಎಂದ ಮೇಲೆ ಕೂಗುತ್ತಿತ್ತು. ಆ ಮೂರು ದಿನ ಬೆಂದ ಅನ್ನವನ್ನೆಲ್ಲ ಮೇಷ್ಟ್ರ ಸೊಸೆ ಚಿತ್ರಾನ್ನ ಮಾಡಿ ನಮಗೇ ಬಡಿಸಿದರು.

ಕೊನೆಗೆ ಕೂಗನ್ನು ಬೇರೆಯಾಗಿ ಧ್ವನಿಮುದ್ರಿಸಿ ಸಂಕಲನದಲ್ಲಿ ಸೇರಿಸಿದೆವು. ಹಿನ್ನೆಲೆ ಸಂಗೀತ ಹಾಕಲಿಲ್ಲ. ಬರ್ನಾರ್ಡ್ ಹರ್ಮನ್ ಬರಿಯ ತಂತಿವಾದ್ಯಗಳಿಂದ ‘ಸೈಕೋ’ವನ್ನು ನಡುಗಿಸಿದರು ನಿಜ. ಆದರೆ ಹಿಚ್‌ಕಾಕ್ 1963ರಲ್ಲಿ ತೆಗೆದ ‘ದಿ ಬರ್ಡ್ಸ್’ನಲ್ಲಿ ರೂಢಿಯ ಹಿನ್ನೆಲೆ ಸಂಗೀತವೇ ಇಲ್ಲ, ಹಕ್ಕಿಗಳ ಸದ್ದೇ ಆ ಕೆಲಸ ಮಾಡುತ್ತದೆ. ನಮಗೆ ಗಡಿಯಾರ, ದೂರದಲ್ಲಿ ತರಕಾರಿ ಗಾಡಿಯವನ ಕೂಗು, ಆವಿಯ ಸುಸುಸು ಸಾಕಾಯಿತು. ಕಾಣಿಸದೆ ಇರುವುದಕ್ಕೂ ಬಲವಿದೆ. 1975ರ ‘ಜಾಸ್’ ಚಿತ್ರದ ಆರಂಭದಲ್ಲಿ ಈಜುವ ಹುಡುಗಿಯನ್ನು ಎಳೆದೊಯ್ಯುವ ಶಾರ್ಕ್ ಕಾಣುವುದೇ ಇಲ್ಲ. ಒಲೆ ಆರಿಸಿದ ಕೈಯನ್ನು ನಾವೂ ತೋರಿಸಲಿಲ್ಲ.

ಉತ್ತರ ಬರೆಯುವಾಗ

ತರಗತಿಯ ಪ್ರದರ್ಶನದಲ್ಲಿ ಮೊದಲ ಕೂಗಿಗೆ ಎಲ್ಲರೂ ನಕ್ಕರು. ಎರಡನೆಯದಕ್ಕೆ ಕೆಲವರು. ‘ಟಿಕ್’ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ‘ಒಳಗಿರೋದು ಯಾರು?’ ಎಂದು ಆಮೇಲೆ ಹತ್ತು ಜನ ಕೇಳಿದರು. ಅದು ನಮ್ಮ ನಾಲ್ವರಿಗೆ ಗೊತ್ತು. ಗೊತ್ತಿಲ್ಲದೆ ಆ ‘ಟಿಕ್’ ಅನ್ನು ಎಲ್ಲಿಡಬೇಕೆಂದು ತೀರ್ಮಾನಿಸುವುದೇ ಸಾಧ್ಯವಿರಲಿಲ್ಲ.

ಲಿಖಿತ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ನಿಮ್ಮ ಚಿತ್ರ ಸಮಾಜದ ಯಾವ ವರ್ಗವನ್ನು ಹೇಗೆ ಚಿತ್ರಿಸುತ್ತದೆ? ವೃದ್ಧಾಪ್ಯದ ಒಂಟಿತನದ ಬಗ್ಗೆ ಬರೆದೆವು. ಓಡುವ ಹುಡುಗಿ ಏಕಿಲ್ಲ ಎಂಬುದನ್ನೂ ಬರೆದೆವು. ಹಗಲಲ್ಲೇ ಚಿತ್ರೀಕರಿಸಿದ್ದರಿಂದ ಚಿತ್ರಕ್ಕೆ ಲಾಭವಾಯಿತೆಂದು ಮೇಷ್ಟ್ರು ಮೆಚ್ಚಿದರು. ಇರಬಹುದು. ಆದರೆ ಮುಂದಿನ ಸಲ ಕಥೆಯೇ ರಾತ್ರಿಯನ್ನು ಬೇಡಿದರೆ? ಇಕ್ಕಟ್ಟಿನಲ್ಲಿ ಒಳ್ಳೆಯ ಉಪಾಯ ಹೊಳೆಯಿತೆಂದ ಮಾತ್ರಕ್ಕೆ ಇಕ್ಕಟ್ಟು ನ್ಯಾಯವಾಗುವುದಿಲ್ಲ.

ಪ್ರಾಯೋಗಿಕ ಕೆಲಸವಿದ್ದ ದಿನಗಳಲ್ಲಿ ಉಪನ್ಯಾಸಕರ ಪತ್ರ ತೋರಿಸಿದರೆ ರಾತ್ರಿ ಹತ್ತರವರೆಗೆ ಹೊರಗಿರಲು ಅನುಮತಿ ಕೊಡಬೇಕೆಂದು ನಾವು ಹದಿನಾಲ್ಕು ಮಂದಿ ಹುಡುಗಿಯರು ಸಹಿ ಹಾಕಿ ಹಾಸ್ಟೆಲ್ಲಿಗೆ ಅರ್ಜಿ ಕೊಟ್ಟಿದ್ದೇವೆ. ತಂಡದ ಹುಡುಗರಿಬ್ಬರೂ ತಮ್ಮ ಸಹಿಯನ್ನೂ ಸೇರಿಸಲು ಮುಂದಾದರು. ಅರ್ಜಿಯ ಜತೆ ಚಿತ್ರವನ್ನೂ ಕೊಟ್ಟಿದ್ದೇವೆ. ವಾರ್ಡನ್ ಮೇಡಂ ಎರಡು ಸಲ ನೋಡಿದರಂತೆ. ಉತ್ತರ ಬರಬೇಕಾಗಿದೆ.