ಹೃದಯದ ಬಡಿತ ಮತ್ತು ವಂಶಪಾರಂಪರ್ಯದ ದೋಷ

ದುಡಿಯುವ ವಯಸ್ಸಿನ ಗಟ್ಟಿಮುಟ್ಟಾದ ಗಂಡಸು ರಾತ್ರಿ ಉಂಡು ಮಲಗಿದವನು ಬೆಳಗಾಗುವುದರೊಳಗೆ ಮೃತನಾಗಿರುವುದು ಅಪರೂಪವಾಗಿಯಾದರೂ ಉಂಟು. ಇಂತಹ ಸಾವನ್ನು ಮಾಟವೆಂದೋ, ಹೊಸದಾಗಿ ಬಂದ ಸೊಸೆಯ ಕಾಲ್ಗುಣವೆಂದೋ ಆಡಿಕೊಳ್ಳುವವರಿದ್ದಾರೆ. ಥಾಯ್ಲೆಂಡ್ ದೇಶದ ಹಳ್ಳಿಗಳಲ್ಲಿ ಇದನ್ನು ವಿಧವೆಯ ದೆವ್ವದ ಕೃತ್ಯವೆಂದು ನಂಬಿ ಗಂಡಸರು ಹೆಂಗಸರ ಉಡುಪು ತೊಟ್ಟು ಮಲಗುತ್ತಿದ್ದುದುಂಟು. ಆದರೆ ಇಂತಹ ಕೆಲವು ಸಾವುಗಳ ಕಾರಣವು ಮೃತನು ಹುಟ್ಟುವಾಗಲೇ ತಂದೆಯಿಂದಲೋ ತಾಯಿಯಿಂದಲೋ ಪಡೆದು ಬಂದ ದೋಷದಲ್ಲಿರುತ್ತದೆ. ಸೊಸೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮುನ್ನ ಅತ್ಯಲ್ಪವಾದ ವಿದ್ಯುತ್ತು ಹೃದಯದ ಮೇಲ್ಭಾಗದಲ್ಲಿ ಹುಟ್ಟಿ ಕೆಳಕ್ಕೆ ಹರಿಯುತ್ತದೆ. ಇದನ್ನು ಸಾಗಿಸುವಲ್ಲಿ ಸೋಡಿಯಂ ಎಂಬ, ಉಪ್ಪಿನಲ್ಲಿಯೂ ಇರುವ ಅಂಶದ ಪಾತ್ರ ಮುಖ್ಯವಾದುದು. ಅದು ಜೀವಕೋಶದೊಳಕ್ಕೆ ಬರಲು ಸೂಕ್ಷ್ಮ ದ್ವಾರಗಳಿವೆ. ಚನ್ನಗಿರಿಯ ಸೂಳೆಕೆರೆಯ ತೂಬನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ತೂಬು ತೆರೆದಾಗ ನೀರು ಸಾಕಷ್ಟು ನುಗ್ಗಬೇಕು, ಸಕಾಲದಲ್ಲಿ ಮುಚ್ಚಿಕೊಳ್ಳಲೂಬೇಕು.

ಈ ದ್ವಾರವನ್ನು ರಚಿಸುವ ವಂಶವಾಹಿಯು ಕೆಟ್ಟಿದ್ದರೆ ತೂಬು ಕೆಲವರಲ್ಲಿ ಪೂರ್ತಿ ಮುಚ್ಚದೆ ಸೋರುತ್ತದೆ. ಆಗ ಹೃದಯವು ಮುಂದಿನ ಬಡಿತಕ್ಕೆ ಅಣಿಯಾಗುವುದು ತಡವಾಗುತ್ತದೆ. ಇದು 1995ರಲ್ಲಿ ಗೊತ್ತಾಯಿತು. ಬೇರೆ ಕೆಲವರಲ್ಲಿ ತೂಬು ಸಾಕಷ್ಟು ತೆರೆಯುವುದೇ ಇಲ್ಲ. 1992ರಲ್ಲಿ ಬ್ರುಗಾಡ ಎಂಬ ಸಹೋದರ ವೈದ್ಯರು ವರ್ಣಿಸಿದ ರೋಗಕ್ಕೆ ಇದೂ ಒಂದು ಕಾರಣವೆಂದು 1998ರಲ್ಲಿ ತಿಳಿದುಬಂದಿತು. ಎರಡರಲ್ಲಿಯೂ ಹೃದಯವು ಲಯ ತಪ್ಪಿ ಬರಿದೇ ಅದುರತೊಡಗಬಹುದು. ಮಿದುಳಿಗೆ ರಕ್ತ ದೊರೆಯದೆ ಎಚ್ಚರ ತಪ್ಪುತ್ತದೆ. ಇದನ್ನು ಮೂರ್ಛೆರೋಗವೆಂದು ಬಗೆದು ಕೈಗೆ ಕಬ್ಬಿಣ ಕೊಟ್ಟು ಕುಳಿತರೆ ಅಮೂಲ್ಯ ಕಾಲ ವ್ಯರ್ಥವಾಗುತ್ತದೆ. ಉಸಿರಾಟ ನಿಂತಿದ್ದರೆ ಕೂಡಲೇ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು; ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು.

ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟು. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸಿದ ಕಡೆ ದಂಪತಿಗಳಿಬ್ಬರಲ್ಲಿಯೂ ಒಂದೇ ದೋಷವಿರಬಹುದು. ಆಗ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಅದು ಎರಡೂ ಕಡೆಯಿಂದ ಬಂದು ಕಾಯಿಲೆ ತೀವ್ರವಾಗುವ ಸಂಭವವಿದೆ. ಹಾಗೆಂದು ಗಾಬರಿ ಬೇಡ. ದೋಷವಿದ್ದೂ ಮುಪ್ಪಿನವರೆಗೆ ಸುಖವಾಗಿ ಬಾಳುವವರು ಅನೇಕರಿದ್ದಾರೆ.

ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅವರ ಒಡಹುಟ್ಟಿದವರೂ ಮಕ್ಕಳೂ ಇ.ಸಿ.ಜಿ. ತೆಗೆಸಿಕೊಳ್ಳುವುದು ಅತ್ಯವಶ್ಯ. ಚನ್ನಗಿರಿ, ಹೊನ್ನಾಳಿ, ಜಗಳೂರಿನವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು; ನ್ಯಾಮತಿಯವರಿಗೆ ಹೊನ್ನಾಳಿ ಸಮೀಪ. ಒಂದು ದಿನದ ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ದೋಷವಿಲ್ಲವೆನ್ನಲಾಗದು. ಬ್ರುಗಾಡ ರೋಗದ ಗುರುತು ಜ್ವರ ಬಂದಾಗ ಎದ್ದು ಕಾಣುತ್ತದೆ. ಅಪಾಯವೂ ಆಗಲೇ ಹೆಚ್ಚು. ಆದುದರಿಂದ ಅಂತಹವರು ಜ್ವರವನ್ನು ಅಲಕ್ಷಿಸದೆ ತಕ್ಷಣ ಪ್ಯಾರಾಸಿಟಮಾಲ್ ಸೇವಿಸಿ ವೈದ್ಯರನ್ನು ಕಾಣಬೇಕು, ಮದ್ಯಪಾನವನ್ನು ಬಿಡಬೇಕು. ಅನುಮಾನವಿದ್ದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಕಡೆ ತಜ್ಞರಿಗೆ ತೋರಿಸಬೇಕು. ತೀವ್ರ ಅಪಾಯವಿರುವವರಿಗೆ, ಲಯ ತಪ್ಪಿದೊಡನೆ ಅದನ್ನು ಸರಿಪಡಿಸುವ ಪುಟ್ಟ ಯಂತ್ರವನ್ನು ಚರ್ಮದಡಿ ಅಳವಡಿಸುತ್ತಾರೆ. ಊಟದ ಉಪ್ಪನ್ನು ಹೆಚ್ಚುಕಡಿಮೆ ಮಾಡುವುದರಿಂದ ಈ ದೋಷ ಸರಿಹೋಗದು.

ಹೆರಿಗೆಯ ಆಪರೇಷನ್ ಆಗಲಿ, ಗಂಡನಿಗೋ ಹೆಂಡತಿಗೋ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಲಿ ಇದ್ದಲ್ಲಿ ಮೊದಲೇ ವೈದ್ಯರಿಗೆ ಮನೆತನದ ಇಂತಹ ಸಾವುಗಳನ್ನು ತಿಳಿಸಿರಿ. ಅರಿವಳಿಕೆಯ ಕೆಲವು ಔಷಧಗಳು ಈ ತೂಬುಗಳನ್ನೇ ಮುಚ್ಚುವಂತಹವು. ಮುಂಚೆ ತಿಳಿದಿದ್ದರೆ ವೈದ್ಯರು ಬೇರೆ ಔಷಧವನ್ನು ಆರಿಸಿಕೊಳ್ಳುತ್ತಾರೆ.