ಆನುವಂಶಿಕತೆಯೂ ಕಲಿಕೆಯೂ: ಟ್ರಯಾನರ ಇಲಿಗಳು

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮೈಬಣ್ಣ, ಎತ್ತರಗಳಂತೆ ಬುದ್ಧಿಶಕ್ತಿಯೂ ಹುಟ್ಟಿನಿಂದಲೇ ಬರುವುದೆ? ಬರುವುದಾದರೆ ಅದನ್ನು ಬದಲಾಯಿಸುವುದು ಅಸಾಧ್ಯವೆ? ಈ ಎರಡು ಪ್ರಶ್ನೆಗಳನ್ನೂ ಒಂದೆಂದೇ ಭಾವಿಸುವುದು ಸಾಮಾನ್ಯ. ಇವು ಬೇರೆ ಬೇರೆ ಎಂಬುದನ್ನು ವರ್ತನಾ ತಳಿಶಾಸ್ತ್ರದ ಒಂದು ಪ್ರಸಿದ್ಧ ಪ್ರಯೋಗ ಮತ್ತು ಅದರ ತರುವಾಯದ ಸಂಶೋಧನೆಗಳ ಮೂಲಕ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಎಡ್ವರ್ಡ್ ಟೋಲ್ಮನ್ನರು 1924ರಲ್ಲಿ ಇಲಿಗಳ ಕಲಿಕೆಯ ಆನುವಂಶಿಕತೆಯನ್ನು ಕುರಿತು ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ಶಿಷ್ಯರಾದ ರಾಬರ್ಟ್ ಟ್ರಯಾನರು ಈ ಕಾರ್ಯವನ್ನು ಹೆಚ್ಚಿನ ಎಚ್ಚರಿಕೆಯಿಂದ ಮುಂದುವರಿಸಿದರು. ಮುಂದೆ ದಾರಿಯಿಲ್ಲದ 17 ಕವಲುಗಳುಳ್ಳ ಒಂದು ಚಕ್ರವ್ಯೂಹ. ಅದರ ಕೊನೆಯಲ್ಲಿ ಆಹಾರ. ಮೊದಲ ಪೀಳಿಗೆಯ 142 ಇಲಿಗಳಲ್ಲಿ ಪ್ರತಿಯೊಂದೂ 19 ಸಲ ಈ ದಾರಿಯನ್ನು ಹಾಯಬೇಕಾಗಿತ್ತು. ತಪ್ಪು ಕವಲನ್ನು ಹೊಕ್ಕರೆ ಯಂತ್ರವೇ ಅದನ್ನು ದಾಖಲು ಮಾಡುತ್ತಿತ್ತು. ಪ್ರಯೋಗಕಾರನ ಕೈ ತಗಲುತ್ತಿರಲಿಲ್ಲ. ಅತಿ ಕಡಿಮೆ ತಪ್ಪು ಮಾಡಿದವುಗಳನ್ನು ತಮ್ಮತಮ್ಮಲ್ಲಿಯೂ, ಅತಿ ಹೆಚ್ಚು ತಪ್ಪು ಮಾಡಿದವುಗಳನ್ನು ತಮ್ಮತಮ್ಮಲ್ಲಿಯೂ ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಆಯ್ಕೆ ನಡೆಸಲಾಯಿತು. ಏಳನೆಯ ಪೀಳಿಗೆಯ ವೇಳೆಗೆ ‘ಚುರುಕು’ ಇಲಿಗಳೂ ‘ಮಂದ’ ಇಲಿಗಳೂ ಬಹುಮಟ್ಟಿಗೆ ಬೇರ್ಪಟ್ಟಿದ್ದುವು. ಮುಂದಿನ ಪೀಳಿಗೆಗಳಲ್ಲಿ ಅಂತರ ಹೆಚ್ಚೇನೂ ಬೆಳೆಯಲಿಲ್ಲ. 1940ರಲ್ಲಿ ಪ್ರಕಟವಾದ ಈ ವರದಿಯಿಂದ, ಆ ಚಕ್ರವ್ಯೂಹವನ್ನು ಕಲಿಯುವುದರಲ್ಲಿನ ವ್ಯತ್ಯಾಸಕ್ಕೆ ಆನುವಂಶಿಕ ಕಾರಣವುಂಟೆಂಬುದು ಸಿದ್ಧವಾಯಿತು.

ಆದರೆ ಹೀಗೆ ವಂಶಪಾರಂಪರ್ಯವಾಗಿ ಬಂದುದು ಯಾವುದು? 1949ರಲ್ಲಿ ಸರ್ಲ್ ಎಂಬ ಸಂಶೋಧಕರು ಈ ಎರಡು ತಳಿಗಳನ್ನು ಬೇರೆ ಬಗೆಯ ಪರೀಕ್ಷೆಗಳಿಗೂ ಒಳಪಡಿಸಿದರು. ಚುರುಕು ಇಲಿಗಳು ಎಲ್ಲದರಲ್ಲಿಯೂ ಮೇಲಾಗಿರಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ಮಂದವೆನಿಸಿಕೊಂಡವು ಅವುಗಳಿಗೆ ಸರಿಸಮವಾಗಿದ್ದುವು. ಎರಡರ ನಡುವಣ ಭೇದದಲ್ಲಿ ಅಂಜಿಕೆ, ಹಸಿವಿನ ಪ್ರೇರಣೆ ಮೊದಲಾದವುಗಳಿಗೂ ಪಾಲಿತ್ತು. ಅಳೆದುದು ಒಂದು ನಿರ್ದಿಷ್ಟ ಕೆಲಸದ ತಪ್ಪುಗಳನ್ನು. ಇಟ್ಟ ಹೆಸರು ಅದಕ್ಕಿಂತ ದೊಡ್ಡದಾಗಿತ್ತು.

ಕೆನಡದಲ್ಲಿ ಕೂಪರ್ ಮತ್ತು ಝುಬೆಕ್ ಎಂಬವರು 1958ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಮುಖ್ಯವಾದುದು. ಅವರು ಬಳಸಿದುದು ಟ್ರಯಾನರ ತಳಿಯನ್ನಲ್ಲ, ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅದೇ ರೀತಿ ಆಯ್ದು ಬೆಳೆಸಿದ ಎರಡು ತಳಿಗಳನ್ನು. ಸಾಧಾರಣ ಗೂಡಿನಲ್ಲಿ ಬೆಳೆದ ಚುರುಕು ಇಲಿಗಳು ಸರಾಸರಿ 117 ತಪ್ಪುಗಳನ್ನೂ, ಮಂದ ಇಲಿಗಳು 164 ತಪ್ಪುಗಳನ್ನೂ ಮಾಡಿದುವು. ತಾಯಿಯ ಹಾಲು ಬಿಟ್ಟ ಕೂಡಲೆ ಕೆಲವು ಮರಿಗಳನ್ನು ಚೆಂಡು, ಉಯ್ಯಾಲೆ, ಇಳಿಜಾರು, ಸುರಂಗಗಳಿಂದ ತುಂಬಿದ ಗೂಡಿನಲ್ಲಿಯೂ, ಕೆಲವನ್ನು ಬರಿದಾದ ಗೂಡಿನಲ್ಲಿಯೂ ಬೆಳೆಸಿದಾಗ ಸಂಗತಿ ಬೇರೆಯಾಯಿತು. ಸಮೃದ್ಧ ಗೂಡಿನಲ್ಲಿ ತಪ್ಪುಗಳ ಸರಾಸರಿ ಸುಮಾರು 111 ಮತ್ತು 120. ಬರಿಯ ಗೂಡಿನಲ್ಲಿ ಎರಡು ತಳಿಗಳದೂ ಸುಮಾರು 170. ವಂಶವಾಹಿಗಳು ಬದಲಾಗಿರಲಿಲ್ಲ, ಆದರೂ ಅವು ಉಂಟುಮಾಡುತ್ತಿದ್ದ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಒಂದು ಸನ್ನಿವೇಶದಲ್ಲಿ ಮಂದವು ಮೇಲೇರಿ ಚುರುಕಿನ ಸಮೀಪಕ್ಕೆ ಬಂದಿತು. ಇನ್ನೊಂದರಲ್ಲಿ ಚುರುಕೇ ಮಂದದ ಮಟ್ಟಕ್ಕೆ ಇಳಿಯಿತು.

ನೋಡುವವರ ನಂಬಿಕೆಯನ್ನೂ ಇಲ್ಲಿ ಗಣಿಸಬೇಕಾಗಿದೆ. ರೋಸೆಂತಾಲ್ ಮತ್ತು ಫೋಡ್ ಎಂಬವರು 12 ಮಂದಿ ವಿದ್ಯಾರ್ಥಿಗಳಿಗೆ ಸಾಧಾರಣ ಇಲಿಗಳನ್ನೇ ಕೊಟ್ಟು, ಅರ್ಧ ಮಂದಿಗೆ ಅವು ಚುರುಕು ತಳಿಯವೆಂದೂ, ಉಳಿದವರಿಗೆ ಮಂದ ತಳಿಯವೆಂದೂ ಹೇಳಿದರು. ಚುರುಕೆಂದು ಹೆಸರಿಸಿದ ಇಲಿಗಳೇ ಚೆನ್ನಾಗಿ ಕಲಿತುವೆಂದು 1963ರ ಅವರ ಲೇಖನ ತಿಳಿಸುತ್ತದೆ. ದಾಖಲೆಯನ್ನು ಯಂತ್ರಕ್ಕೆ ವಹಿಸಿದ ಟ್ರಯಾನರ ಎಚ್ಚರಿಕೆಯ ಬೆಲೆ ಇದರಿಂದ ಸ್ಪಷ್ಟವಾಗುವುದು.

ಇದು ಕೇವಲ ಇಲಿಗಳ ಮಾತಲ್ಲ. ಬುದ್ಧಿಮಾಂದ್ಯ, ಮನೋರೋಗಗಳು ವಂಶದಲ್ಲಿ ಹರಿದುಬರುವುವೆಂಬ ನಂಬಿಕೆಯಿಂದ, ಅದೇ ಕ್ಯಾಲಿಫೋರ್ನಿಯ ಸಂಸ್ಥಾನವು 1909ರ ಕಾಯಿದೆಯ ಮೇರೆಗೆ ಸುಮಾರು 20,000 ಜನರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿತು. ಆ ಕಾಯಿದೆ ರದ್ದಾದುದು 1979ರಲ್ಲಿ. ಅದು ಟ್ರಯಾನರ ಪ್ರಯೋಗಕ್ಕಿಂತ ಹಿಂದಿನದು. ಆದರೆ ಹುಟ್ಟಿನಿಂದ ಬಂದುದೆಲ್ಲವೂ ಬದಲಾಗದೆಂಬ ತಪ್ಪು ತರ್ಕವೇ ಅದರ ತಳಹದಿಯಾಗಿತ್ತು.

ಅವಳಿಗಳನ್ನು ಕುರಿತ ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಮಾನವ ಲಕ್ಷಣಗಳ ಆನುವಂಶಿಕತೆಯ ಸರಾಸರಿ ಪ್ರಮಾಣ ಶೇಕಡ 49. ಒಬ್ಬ ವ್ಯಕ್ತಿಯ ಗುಣದಲ್ಲಿ ಅರ್ಧ ಭಾಗ ಹುಟ್ಟಿನಿಂದ ಬಂದಿತೆಂದು ಇದರ ಅರ್ಥವಲ್ಲ. ಅಳೆದ ಜನಸಮುದಾಯದಲ್ಲಿ, ಅಳೆದ ಕಾಲದ ಸನ್ನಿವೇಶದಲ್ಲಿ, ಜನರ ನಡುವಣ ವ್ಯತ್ಯಾಸದ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಸಂಬಂಧಿಸಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸನ್ನಿವೇಶ ಬದಲಾದರೆ ಅಂಕಿಯೂ ಬದಲಾಗಬಹುದು. ಆದುದರಿಂದ ಇಂತಹ ಅಂಕಿಯನ್ನು ಕಂಡಾಗಲೆಲ್ಲ, ಅಳೆದುದು ಏನನ್ನು, ಅಳೆಯಲ್ಪಟ್ಟವರು ಬೆಳೆದುದು ಎಂತಹ ಗೂಡಿನಲ್ಲಿ ಎಂದು ಮೊದಲು ವಿಚಾರಿಸಬೇಕೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.