ರೋಜಾದಲ್ಲಿ ಹೊಟ್ಟೆ ಉರಿಯುವುದು ಯಾಕೆ?

ಕಳೆದ ರಂಜಾನಿನಲ್ಲಿ ಅಸರ್ ನಮಾಜ್ ಮುಗಿದ ಮೇಲೆ ನಮ್ಮ ಮನೆಯಲ್ಲಿ ದಿನಾ ಒಂದೇ ಮಾತು. ಅಮ್ಮಿ ಮಿರ್ಚಿ ಭಜಿಗೆ ಎಣ್ಣೆ ಕಾಯಲು ಇಟ್ಟರೆ ಸಾಕು, ದಾದಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂಡುತ್ತಿದ್ದರು. "ಸಹರಿ ಆದಮೇಲೆ ಹೊಟ್ಟೆಗೆ ಒಂದು ಹನಿ ನೀರೂ ಹೋಗಿಲ್ಲ. ಮತ್ತೆ ಈ ಉರಿ ಎಲ್ಲಿಂದ ಬಂತು?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಓದುವುದು ಕಾಮರ್ಸ್. ಉತ್ತರ ಗೊತ್ತಿರಲಿಲ್ಲ. ಸೈನ್ಸ್ ಓದುವ ಗೆಳೆಯನ ಜೀವಶಾಸ್ತ್ರ ಪುಸ್ತಕ ತಂದು ಓದಿದೆ.

ಊಟ ಒಳಗೆ ಬಿದ್ದ ಮೇಲೆ ಆಮ್ಲ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮಾಲು ಅಂಗಡಿಗೆ ಬರುವ ಮೊದಲೇ ಆರ್ಡರ್ ಹೋಗಿರುತ್ತದೆ. ಊಟದ ವಾಸನೆ, ನೋಟ, ರುಚಿ, ಅಷ್ಟೇ ಏಕೆ, ಅದರ ನೆನಪು ಬಂದರೂ ಸಾಕು, ಮೆದುಳು ವೇಗಸ್ ಎಂಬ ಉದ್ದನೆಯ ನರದ ಮೂಲಕ ಜಠರಕ್ಕೆ ಸುದ್ದಿ ಕಳಿಸುತ್ತದೆ. ಒಂದು ಊಟಕ್ಕೆ ಬರುವ ಆಮ್ಲದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಸುದ್ದಿಯಿಂದಲೇ ಬರುತ್ತದೆ.

ಇದನ್ನು ತೋರಿಸಿಕೊಟ್ಟವರು ರಷ್ಯಾದ ಇವಾನ್ ಪಾವ್ಲೋವ್. ಅವರು ನಾಯಿಯ ಅನ್ನನಾಳವನ್ನು ಕುತ್ತಿಗೆಯಲ್ಲೇ ಹೊರಗೆ ತೆರೆದಿಟ್ಟರು. ತಿಂದ ಮಾಂಸ ಜಠರ ಮುಟ್ಟದೆ ಹೊರಗೆ ಬೀಳುತ್ತಿತ್ತು. ಆದರೂ ಕೆಲವೇ ನಿಮಿಷದಲ್ಲಿ ಜಠರರಸ ಹರಿಯಿತು. ವೇಗಸ್ ನರ ಕತ್ತರಿಸಿದಾಗ ನಿಂತುಹೋಯಿತು. ಓದುವಾಗ ನಾಯಿಗಳ ಬಗ್ಗೆ ಬೇಸರವಾಯಿತು. 1904ರಲ್ಲಿ ಅವರಿಗೆ ನೊಬೆಲ್ ಬಂತು. ಕಾಮರ್ಸಿನವರಿಗೆ ಇನ್ನೊಂದು ಸಂಗತಿ: ಆ ಜಠರರಸವನ್ನು ಅಜೀರ್ಣದ ಔಷಧವೆಂದು ಮಾರಿ ಪಾವ್ಲೋವರ ಪ್ರಯೋಗಾಲಯ ಒಳ್ಳೆಯ ಆದಾಯ ಗಳಿಸುತ್ತಿತ್ತು!

ಎಲ್ಲ ಕೆಲಸವೂ ನರದ್ದೇ ಎಂದು ಆಗ ನಂಬಿದ್ದರು. ಆದರೆ 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್, ಸಣ್ಣ ಕರುಳು ರಕ್ತದ ಮೂಲಕವೂ ಸಂದೇಶ ಕಳಿಸುತ್ತದೆ ಎಂದು ಕಂಡುಹಿಡಿದರು. ಇಂಥ ಸಂದೇಶವಾಹಕಕ್ಕೆ 'ಹಾರ್ಮೋನ್' ಎಂಬ ಹೆಸರನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಸಿದರು. ಅದೇ ವರ್ಷ ಜಾನ್ ಎಡ್ಕಿನ್ಸ್, ಜಠರಕ್ಕೂ ತನ್ನದೇ ಹಾರ್ಮೋನ್ ಇದೆ ಎಂದರು. ಅದೇ ಗ್ಯಾಸ್ಟ್ರಿನ್. ಬಹಳ ಜನ ನಂಬಲಿಲ್ಲ. 1964ರಲ್ಲಿ ಗ್ರೆಗರಿ ಮತ್ತು ಟ್ರೇಸಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ವಾದ ಮುಗಿಯಿತು.

ಪ್ರೋಟೀನ್ ಜಠರಕ್ಕೆ ಬಿದ್ದಾಗ ಅದರ ಕೆಳಭಾಗದಿಂದ ಗ್ಯಾಸ್ಟ್ರಿನ್ ರಕ್ತಕ್ಕೆ ಇಳಿಯುತ್ತದೆ. ಮೈಯೆಲ್ಲ ಸುತ್ತಿ ಮತ್ತೆ ಜಠರದ ಮೇಲ್ಭಾಗಕ್ಕೇ ಬರುತ್ತದೆ, ದುರ್ಗದಬೈಲಿನಿಂದ ಶಾ ಬಜಾರಿಗೆ ಹೋಗಲು ಧಾರವಾಡ ಸುತ್ತಿ ಬಂದಂತೆ. ಅಲ್ಲಿ ಅದು ಹಿಸ್ಟಮಿನ್ ಬಿಡುಗಡೆ ಮಾಡಿಸುತ್ತದೆ, ಹಿಸ್ಟಮಿನ್ ಆಮ್ಲದ ಕೋಶಗಳನ್ನು ಎಬ್ಬಿಸುತ್ತದೆ. ಆಮ್ಲ ಹೆಚ್ಚಾದಾಗ ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನ್ ಬಂದು ಗ್ಯಾಸ್ಟ್ರಿನ್‌ಗೆ ಬ್ರೇಕ್ ಹಾಕುತ್ತದೆ. ಅಂದಹಾಗೆ, ತಂಪು ಎಂದು ದಾದಿ ಸಹರಿಗೆ ಕುಡಿಯುತ್ತಿದ್ದ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕೂಡ ಗ್ಯಾಸ್ಟ್ರಿನನ್ನು ಕರೆಯುತ್ತವೆ.

ಹಸಿದ ಹೊಟ್ಟೆಯಲ್ಲೂ ಸ್ವಲ್ಪ ಆಮ್ಲ ಬರುತ್ತಲೇ ಇರುತ್ತದೆ. ಊಟವಿದ್ದರೆ ಅದು ಊಟದಲ್ಲಿ ಬೆರೆಯುತ್ತದೆ. ರೋಜಾದಲ್ಲಿ ಬೆರೆಯಲು ಏನೂ ಇಲ್ಲ, ಮೇಲಿಂದ ಭಜಿಯ ವಾಸನೆ ಬೇರೆ. ದಾದಿಯ ಪ್ರಶ್ನೆಗೆ ಉತ್ತರ ಇದು.

ಆದರೆ ದಾದಿಯ ನಿಜವಾದ ತೊಂದರೆ ಗುಳಿಗೆಯದು. ಮೆಡಿಕಲ್ ಅಂಗಡಿಯಿಂದ ತಾವೇ ತರಿಸಿದ ಗ್ಯಾಸ್ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದ್ದರು, ಅದೂ ಉರಿ ಬಂದಮೇಲೆ, ಹೊಟ್ಟೆ ತುಂಬಾ ಉಂಡು. ಆಮೇಲೆ ಒಮ್ಮೆಲೇ ಬಿಟ್ಟರು. ಉರಿ ಮೊದಲಿಗಿಂತ ಜೋರಾಯಿತು. ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ನರವನ್ನೂ ಹಾರ್ಮೋನನ್ನೂ ತಡೆಯುವುದಿಲ್ಲ. ಆಮ್ಲವನ್ನು ಹೊರಹಾಕುವ ಕೊನೆಯ ಪಂಪನ್ನು ಮಾತ್ರ ಮುಚ್ಚುತ್ತದೆ, ಅದೂ ಕೆಲಸ ಮಾಡುತ್ತಿರುವ ಪಂಪನ್ನು. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಆಮ್ಲ ಕಡಿಮೆಯಾದರೆ ಬ್ರೇಕ್ ಬೀಳುವುದಿಲ್ಲ, ಗ್ಯಾಸ್ಟ್ರಿನ್ ಏರುತ್ತಾ ಹೋಗುತ್ತದೆ. ಬಹಳ ದಿನ ತೆಗೆದುಕೊಂಡು ತಟ್ಟನೆ ಬಿಟ್ಟರೆ ಪಂಪು ತೆರೆಯುತ್ತದೆ, ಆರ್ಡರ್ ಮಾತ್ರ ಹೆಚ್ಚೇ ಇರುತ್ತದೆ. ಕೆಲವು ದಿನ ಆಮ್ಲ ಉಕ್ಕುತ್ತದೆ. ರೋಗ ಹೆಚ್ಚಾಯಿತೆಂದು ಹೆದರಿ ಜನ ಮತ್ತೆ ಗುಳಿಗೆ ಹಿಡಿಯುತ್ತಾರೆ.

ಅಬ್ಬಾ ಕೊನೆಗೆ ದಾದಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಪರೀಕ್ಷೆ ಮಾಡಿ, ಗುಳಿಗೆಯನ್ನು ಸಹರಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಲು ಹೇಳಿದರು. ಈದ್ ಆದಮೇಲೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಸಿದರು. ಈಗ ಅಮ್ಮಿ ಎಣ್ಣೆ ಇಟ್ಟರೆ ದಾದಿ ತಸ್ಬಿ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಾರೆ. ಪಕ್ಕದ ಮನೆಯ ಭಜಿ ವಾಸನೆಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ.